ಕಾರಿನ ಬಾಣಂತನ

ಬಣ್ಣ ಹೊಡೆದ ಜಾಗ ಕಂಡರೆ ಒಣಗಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡದ ಮನುಷ್ಯ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ದೇವಲಾಪುರದ ಚಿಕ್ಕಸ್ವಾಮಿಯ ಅಭಿಪ್ರಾಯ. ಬೇರೆ ತಾಲ್ಲೂಕುಗಳ ಬಗ್ಗೆ ಅವನು ಮೊದಲು ಏನೂ ಹೇಳುತ್ತಿರಲಿಲ್ಲ. ಬೀಗರು ಬಂದುಹೋದ ಮೇಲೆ ಕೆ.ಆರ್. ಪೇಟೆಯನ್ನೂ ಸೇರಿಸಿಕೊಂಡ. ಪಾಂಡವಪುರ ಮತ್ತು ಶ್ರೀರಂಗಪಟ್ಟಣದವರ ವಿಚಾರಣೆ ಇನ್ನೂ ನಡೆಯುತ್ತಿದೆ.

ಚಿಕ್ಕಸ್ವಾಮಿ ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್. ದಿನಕ್ಕೆರಡು ಹೊತ್ತು ಊರವರ ಹಾಲನ್ನೆಲ್ಲ ಪರೀಕ್ಷೆ ಮಾಡಿ, ಯಾರು ನೀರು ಬೆರೆಸಿದ್ದಾರೆ, ಯಾರು ಬೆರೆಸಿಯೂ ಒಪ್ಪಿಕೊಳ್ಳುತ್ತಿಲ್ಲ ಎಂದು ಹೇಳುವ ಕೆಲಸ. ಇಪ್ಪತ್ತಮೂರು ವರ್ಷ ಇದನ್ನೇ ಮಾಡಿದವನಿಗೆ ಎರಡು ಗುಣ ಅಂಟಿಕೊಂಡಿದ್ದವು. ಒಂದು, ಯಾರನ್ನೂ ನಂಬದಿರುವುದು. ಇನ್ನೊಂದು, ಬಿಸಿ ತಣ್ಣನೆಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ತಿಳಿದುಕೊಂಡಿರುವುದು. ಅದಕ್ಕೆ ಸಾಕ್ಷಿಯಾಗಿ ಡೇರಿಯ ಥರ್ಮಾಮೀಟರು ಅವನ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು.

ಅವನಿಗೊಂದು ಕಾರಿತ್ತು. ಹದಿನಾರು ವರ್ಷದ ಹಳೆಯದು. ಶ್ರೀರಂಗಪಟ್ಟಣದ ಮೇಷ್ಟರೊಬ್ಬರಿಂದ ಕೊಂಡು, ಗಂಜಾಂನಲ್ಲಿ ನಿಮಿಷಾಂಬೆಯ ಮುಂದೆ ಪೂಜೆ ಮಾಡಿಸಿ ಊರಿಗೆ ತಂದದ್ದು. ಎಂಜಿನ್ನು ಗಟ್ಟಿಯಾಗಿಯೇ ಇತ್ತು. ಮೈಯ ಬಿಳಿ ಬಣ್ಣ ಮಾತ್ರ ಅಲ್ಲಲ್ಲಿ ಚಕ್ಕೆ ಎದ್ದು ಒಳಗಿನ ತುಕ್ಕು ಕಾಣುತ್ತಿತ್ತು. ದೀಪಾವಳಿಗೆ ಅದೇ ಕಾರಿನಲ್ಲಿ ಕೆ.ಆರ್. ಪೇಟೆಗೆ, ಮಗಳು ಹೇಮಶ್ರೀಯ ಗಂಡನ ಮನೆಗೆ ಹೋಗಿದ್ದ. ಮಗಳು ಆಗ ಆರು ತಿಂಗಳ ಬಸುರಿ. ಬೀಗರಾದ ನಿಂಗರಾಜು ಗೊಬ್ಬರದ ಅಂಗಡಿ ಇಟ್ಟವರು, ಹೊಸ ದೊಡ್ಡ ಕಾರು ಕೊಂಡವರು. ಅವರು ಕೈ ಹಿಂದೆ ಕಟ್ಟಿಕೊಂಡು ಚಿಕ್ಕಸ್ವಾಮಿಯ ಕಾರನ್ನು ಒಂದು ಸುತ್ತು ಹಾಕಿ, ಹಬ್ಬಕ್ಕೆ ಬಂದ ನೆಂಟರೆಲ್ಲ ಕೇಳುವ ಹಾಗೆ ಹೇಳಿದರು:

“ಬೀಗ್ರೇ, ನಿಮ್ ಕಾರ್ಗೆ ಗಜ್ಜಿ ಹತ್ಕಂಡದಲ್ಲ. ತುಂಬಿದ ಬಸುರೀನ ಇದ್ರಲ್ಲಿ ಕೂರಿಸ್ಕೊಂಡು ಹೋಗಾಕಾಯ್ತದಾ? ಹೆರಿಗೆ ಹೊತ್ಗೆ ನಾವೇ ನಮ್ ಕಾರಲ್ಲಿ ತಂದ್ ಬುಡ್ತೀವಿ ಬುಡಿ.”

ಚೊಚ್ಚಲ ಹೆರಿಗೆಗೆ ಮಗಳನ್ನು ಅಪ್ಪ ಹೋಗಿ ಕರೆದುಕೊಂಡು ಬರಬೇಕು. ಮಡಿಲು ತುಂಬಿಸಿಕೊಂಡು, ಬೀಗರ ಮನೆ ಬಾಗಿಲಿನಿಂದ ತನ್ನ ಗಾಡಿಗೆ ಹತ್ತಿಸಿಕೊಂಡು ಬರಬೇಕು. ಚಿಕ್ಕಸ್ವಾಮಿಯ ತಾತ ಎತ್ತಿನ ಗಾಡಿಯಲ್ಲಿ ಮಾಡಿದ್ದು, ಅಪ್ಪ ಬಾಡಿಗೆ ಜೀಪಿನಲ್ಲಿ ಮಾಡಿದ್ದು ಅದೇ. ಈಗ ಇವರು ಯೂರಿಯಾ ಮೂಟೆ ಇಳಿಸಿದ ಹಾಗೆ ಮಗಳನ್ನು ತಂದು ಬಾಗಿಲಲ್ಲಿ ಇಳಿಸಿ ಹೋಗುತ್ತಾರಂತೆ. ಚಿಕ್ಕಸ್ವಾಮಿ ಸಂಕ್ರಾಂತಿ ಕಳೆದ ಸೋಮವಾರ ತಾನೇ ಬರುತ್ತೇನೆ, ತನ್ನ ಕಾರಿನಲ್ಲೇ ಬರುತ್ತೇನೆ ಎಂದ. ಬೀಗರು “ನೋಡಾಣ” ಅಂದರು. ಆ ‘ನೋಡಾಣ’ ಎರಡು ತಿಂಗಳು ಅವನ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು.

ಬೆಳ್ಳೂರು ಕ್ರಾಸಿನಲ್ಲಿ ಡೆಂಟಿಂಗ್ ಪೇಂಟಿಂಗ್ ಶೆಡ್ಡು ಇಟ್ಟಿರುವ ಪ್ರಸಾದನನ್ನು ಹಿಡಿದ. ಪ್ರಸಾದನದು ಕಮ್ಮಾರರ ಮನೆತನ. ತಾತ ಕುಲುಮೆ ಊದಿ ಊರಿಗೆಲ್ಲ ಕುಡುಗೋಲು ಮಾಡಿಕೊಟ್ಟವನು, ಮೊಮ್ಮಗ ಕಾರಿನ ಮೈ ತಟ್ಟುತ್ತಿದ್ದ. ಕಾರನ್ನು ಶೆಡ್ಡಿಗೇ ತಾ ಎಂದ ಪ್ರಸಾದ. ಚಿಕ್ಕಸ್ವಾಮಿ ಒಪ್ಪಲಿಲ್ಲ. ಬೀಗರ ಗೊಬ್ಬರದ ಲಾರಿಗಳು ಚಹಾ ಕುಡಿಯಲು ನಿಲ್ಲುವುದು ಆ ಶೆಡ್ಡಿನ ಎದುರಿಗೇ. ಬಣ್ಣದ ಸುದ್ದಿ ಮೊದಲೇ ಕೆ.ಆರ್. ಪೇಟೆ ಮುಟ್ಟಿದರೆ ಸೋಮವಾರದ ಗತ್ತು ಎಲ್ಲಿ ಉಳಿಯಿತು? ಕೆಲಸ ತನ್ನ ಮನೆಯ ಕೊಟ್ಟಿಗೆಯಲ್ಲೇ ಆಗಬೇಕು, ಯಾರಿಗೂ ಗೊತ್ತಾಗಬಾರದು ಎಂದ.

ಹಾಗಾಗಿ ಸಂಕ್ರಾಂತಿಗೆ ಐದು ದಿನ ಮುಂಚೆ, ಶನಿವಾರ, ಹಸುಗಳು ಹಿತ್ತಲಿನ ಟಾರ್ಪಾಲಿನ ಕೆಳಕ್ಕೆ ಹೋದವು, ಕಾರು ಕೊಟ್ಟಿಗೆಗೆ ಬಂತು. ಪ್ರಸಾದನ ಕಂಪ್ರೆಸರಿನ ಸದ್ದು ಕೇಳಿದವರಿಗೆ ಬೋರಿನ ಮೋಟರು ರಿಪೇರಿ ಎಂದಾಯಿತು. ಕಾರೆಲ್ಲಿ ಎಂದವರಿಗೆ ಮೈಸೂರಿನಲ್ಲಿ ಬಿಟ್ಟಿದ್ದೇನೆ ಎಂದಾಯಿತು. ಮಧ್ಯಾಹ್ನದ ಹೊತ್ತಿಗೆ ಗಜ್ಜಿಯ ಕಾರು ದಾಳಿಂಬೆ ಕಾಳಿನ ಕೆಂಪಿಗೆ ತಿರುಗಿತ್ತು. ಪ್ರಸಾದ ಮೂತಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೇಳಿದ:

“ಅಣ್ಣ, ಇದು ಚಳಿಗಾಲ. ದೊಡ್ ಕಡೇಲಾದ್ರೆ ಬೂತ್ ಅಂತ ಅದೆ, ಒಳಕ್ಕೆ ತಳ್ಳಿ ಅರವತ್ತು ಡಿಗ್ರಿ ಕಾವು ಕೊಟ್ರೆ ಅರ್ಧ ಗಂಟೇಲಿ ಬಣ್ಣ ಕಲ್ಲಾಯ್ತದೆ. ಇಲ್ಲಿ ನೀನೇ ಬೂತು. ಒಸಿ ನಿಧಾನಕ್ಕೆ ಕಾಯ್ಸು.”

ಆಮೇಲೆ ಅವನು ವಿವರ ಹೇಳಿದ. ಮೊದಲ ಒಂದು ಗಂಟೆ ಕಾವು ಬೇಡ, ಬಣ್ಣ ತನ್ನಷ್ಟಕ್ಕೆ ಆರಲಿ. ಆಮೇಲೆ ಬಲ್ಬುಗಳನ್ನು ಮೂರಡಿ ದೂರ ಇಟ್ಟು ಐದು ದಿನ ಮೆಲ್ಲಗೆ ಬೆಚ್ಚಗೆ ಮಾಡು. ಬೆಂಕಿ ಮಾತ್ರ ಹತ್ತಿರ ತರಬೇಡ, ಥಿನ್ನರಿನ ಆವಿಗೆ ಹೊತ್ತಿಕೊಳ್ಳುತ್ತದೆ. ಧೂಳು ಏಳದಂತೆ ನೆಲ ಒದ್ದೆಯಾಗಿರಲಿ. ಯಾರೂ ಮುಟ್ಟಬಾರದು. ಚಿಕ್ಕಸ್ವಾಮಿ ತಲೆಯಾಡಿಸಿದ. ಅವನ ತಲೆಗೆ ಹೋದದ್ದು ಅರವತ್ತು ಡಿಗ್ರಿ ಎಂಬ ಒಂದು ಮಾತು. ಬೆಳ್ಳೂರು ಕಡೆಯ ಕೋಳಿ ಶೆಡ್ಡಿನಿಂದ, ಮರಿಗಳಿಗೆ ಕಾವು ಕೊಡುವ ಎಂಟು ಕೆಂಪು ಬಲ್ಬುಗಳನ್ನು ಆಗಲೇ ತಂದಿಟ್ಟಿದ್ದ. ಪ್ರಸಾದನ ಗಾಡಿ ಬೀದಿಯ ತಿರುವು ದಾಟುವಷ್ಟರಲ್ಲಿ ಎಂಟನ್ನೂ ಕಾರಿನ ಮೈಯಿಂದ ಒಂದು ಮೊಳಕ್ಕೆ ತೂಗುಹಾಕಿ ಸ್ವಿಚ್ಚು ಒತ್ತಿದ್ದ. ಅರ್ಧ ಗಂಟೆಯಲ್ಲಿ ಆಗುವುದನ್ನು ಐದು ದಿನ ಎಳೆಯುವವರು ಕೆಲಸ ಬಾರದವರು ಎಂಬುದು ಅವನ ಮತ.

ಮೊದಲ ಪೆಟ್ಟು ಮನೆಯೊಳಗಿಂದಲೇ ಬಂತು. ಅವನು ಸಂಜೆ ಡೇರಿಗೆ ಹೋಗಿದ್ದಾಗ ಅವನ ಅವ್ವ ದ್ಯಾವಮ್ಮ ಕೊಟ್ಟಿಗೆಗೆ ಹೋಗಿ, ಬಾನೆಟ್ಟಿನ ನಟ್ಟನಡುವೆ ತೋರುಬೆರಳು ಒತ್ತಿ, ಬೆರಳನ್ನು ಗೋಡೆಗೆ ಒರೆಸಿಕೊಂಡಳು. ಆ ಗುರುತು ಎಷ್ಟು ಆಳ ಹೋಗಿದೆ ಎಂದು ನೋಡಲು ಹೆಂಡತಿ ಚೆಲುವಮ್ಮ ಪಕ್ಕದಲ್ಲೇ ತನ್ನ ಬೆರಳಿಟ್ಟಳು. ಚಿಕ್ಕಸ್ವಾಮಿ ಬಂದು ನೋಡಿದಾಗ ಬಾನೆಟ್ಟಿನ ಮೇಲೆ ಅತ್ತೆ ಸೊಸೆ ಅಕ್ಕಪಕ್ಕ ಇದ್ದರು.

“ಒಣಗಿಲ್ಲ ಕಣಪ್ಪ,” ಎಂದಳು ದ್ಯಾವಮ್ಮ, ಅವನಿಗೆ ಉಪಯೋಗಕ್ಕೆ ಬರುವ ಮಾತು ಎಂಬ ಹಾಗೆ.

ಚಿಕ್ಕಸ್ವಾಮಿ ಅವತ್ತು ಊಟ ಮಾಡಲಿಲ್ಲ. ಪ್ರಸಾದನನ್ನು ಮತ್ತೆ ಕರೆಸಿ, ಭಾನುವಾರ ಬೆಳಿಗ್ಗೆ ಆ ಜಾಗ ಉಜ್ಜಿಸಿ, ಹೇಗೂ ಬಂದಿದ್ದೀಯ ಎಂದು ಇಡೀ ಕಾರಿಗೆ ಇನ್ನೊಂದು ಕೋಟು ಹೊಡೆಸಿದ. ಕೋಟಿನ ಮೇಲೆ ಕೋಟು ಬೇಡಣ್ಣ ಎಂದು ಪ್ರಸಾದ ಗೊಣಗಿದ್ದು ಕಂಪ್ರೆಸರಿನ ಸದ್ದಿನಲ್ಲಿ ಕೇಳಲಿಲ್ಲ. ನನ್ನ ಮನೆಯ ಅನ್ನ ತಿಂದವರೇ ಹೀಗೆ ಮಾಡಿದರೆ ಊರವರು ಇನ್ನೇನು ಮಾಡಿಯಾರು ಎಂದು ಚಿಕ್ಕಸ್ವಾಮಿ ಅಂದುಕೊಂಡ. ಇಲ್ಲೊಂದು ಕಾರಿದೆ ಎಂದು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲವೆಂದು ಅವ್ವನಿಂದಲೂ ಹೆಂಡತಿಯಿಂದಲೂ ಆಣೆ ಹಾಕಿಸಿಕೊಂಡ. ಅವ್ವ ಆಣೆ ಹಾಕಿದಳು, ಆದರೆ ಹಸುಗಳನ್ನು ಚಳಿಯಲ್ಲಿ ಕಟ್ಟಿ ತಗಡಿಗೆ ಕಾವು ಕೊಡುವ ಮಗನನ್ನು ಹೆತ್ತೆನಲ್ಲ ಎಂದು ಜೊತೆಗೇ ಬೈದಳು.

ಆಮೇಲೆ ಅವನು ಮಾಡಿದ್ದೆಲ್ಲ ಕಾರಿನ ಒಳ್ಳೆಯದಕ್ಕೇ. ಮಗಳ ಬಾಣಂತನಕ್ಕೆಂದು ದ್ಯಾವಮ್ಮ ಕೂಡಿಟ್ಟಿದ್ದ ಸಾಮಾನು ಮನೆಯಲ್ಲಿ ಸಿದ್ಧವಾಗಿತ್ತು. ಅದು ಒಂದೊಂದಾಗಿ ಕೊಟ್ಟಿಗೆಗೆ ಹೋಯಿತು. ಗಾಳಿ ಬೀಸದಂತೆ ಬಾಗಿಲಿಗೆ ಎರಡು ಕಂಬಳಿ ಇಳಿಬಿದ್ದವು. ತಣ್ಣೀರು ಎರಚಿದರೆ ಕಾವು ಇಳಿಯುತ್ತದೆಂದು ಬೆಳಿಗ್ಗೆ ಹಂಡೆ ಒಲೆ ಹೊತ್ತಿಸಿ, ಹೊಗೆಯಾಡುವ ಬಿಸಿನೀರನ್ನು ಬಕೆಟ್ಟು ಬಕೆಟ್ಟು ಒಳಕ್ಕೆ ಹೊತ್ತು ನೆಲಕ್ಕೆ ಚೆಲ್ಲಿದ. ಧೂಳು ಒರೆಸಲು ಹಳೆಯ ಮೆತ್ತನೆ ಪಂಚೆಯನ್ನು ಚಿಕ್ಕ ಚಿಕ್ಕ ಚೌಕಕ್ಕೆ ಹರಿದು, ಒಗೆದು, ಅಂಗಳದ ತಂತಿಯ ಮೇಲೆ ಸಾಲಾಗಿ ಒಣಹಾಕಿಸಿದ. ಥಿನ್ನರಿನ ವಾಸನೆ ಬೀದಿಗೆ ಹೋಗದಿರಲೆಂದು ದ್ಯಾವಮ್ಮ ಬೀದಿ ಬಾಗಿಲ ಮೆಟ್ಟಿಲ ಮೇಲೆ, ಕೊಟ್ಟಿಗೆಯಿಂದ ದೂರದಲ್ಲಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೂತಳು. ದೃಷ್ಟಿ ತಾಗದಿರಲೆಂದು ಕಂಬಳಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಅದು ಅವಳದೇ ಯೋಚನೆ. ಇದರ ನಡುವೆ ಚೆಲುವಮ್ಮನಿಗೆ ನೆಗಡಿಯಾಗಿ ಗಂಟಲು ಕಟ್ಟಿತು. ಅವಳು ತಲೆಗೆ ಕಿವಿ ಮುಚ್ಚುವ ಹಾಗೆ ಬಟ್ಟೆ ಬಿಗಿದುಕೊಂಡು ನಡುಮನೆ ಬಿಟ್ಟು ಹೊರಗೆ ಬರಲಿಲ್ಲ.

ಎದುರು ಮನೆಯ ಜಗಲಿಯ ಮೇಲೆ ಕುಳ್ಳಯ್ಯ ಕೂತಿದ್ದ. ಅವನಿಗೆ ಎಪ್ಪತ್ತು ದಾಟಿದೆ, ಬೀದಿಯನ್ನು ನೋಡುವುದೊಂದೇ ಕೆಲಸ. ಕೆಂಪು ಬೆಳಕು ಕಂಡ. ಕಂಬಳಿ ಕಂಡ. ಸಾಂಬ್ರಾಣಿ ಮೂಗಿಗೆ ಬಂತು. ಬಿಸಿನೀರು ಒಳಕ್ಕೆ ಹೋಗುವುದನ್ನು, ತಂತಿಯ ಮೇಲೆ ಬಿಳಿ ಬಟ್ಟೆಯ ತುಂಡುಗಳು ಆಡುವುದನ್ನು, ಕಿಟಕಿಯಲ್ಲಿ ತಲೆಗೆ ಬಟ್ಟೆ ಕಟ್ಟಿದ ಚೆಲುವಮ್ಮ ಒಮ್ಮೆ ಹಾದುಹೋದದ್ದನ್ನು ನೋಡಿದ. ಆದರೂ ದುಡುಕುವವನಲ್ಲ. ಚಿಕ್ಕಸ್ವಾಮಿಯನ್ನು ತಡೆದು ಕೊಟ್ಟಿಗೆಯಲ್ಲಿ ಏನು ಎಂದು ನೇರವಾಗಿ ಕೇಳಿದ.

“ಏನಿಲ್ಲ ಬುಡು ಕುಳ್ಳಣ್ಣ. ಗಾಳಿ ಆಡ್ಬಾರ್ದು, ಯಾರೂ ಇಣುಕ್ಬಾರ್ದು, ಅಷ್ಟೆಯ,” ಎಂದು ಚಿಕ್ಕಸ್ವಾಮಿ ಸಿಡುಕಿದ.

ಮುಂದೆ ಕೇಳುವುದೇನೂ ಉಳಿಯಲಿಲ್ಲ. ಹೇಮಶ್ರೀ ಕೆ.ಆರ್. ಪೇಟೆಯಲ್ಲಿದ್ದಾಳೆ, ದ್ಯಾವಮ್ಮನಿಗೆ ಎಪ್ಪತ್ತೆಂಟು. ಉಳಿದವಳು ಒಬ್ಬಳೇ. ನಲವತ್ತೇಳು ವರ್ಷಕ್ಕೆ, ಮಗಳು ಹೆರುವ ಹೊತ್ತಿಗೆ ತಾಯಿಯೇ ಹೆತ್ತು ಕೂತಿದ್ದಾಳೆ, ನಾಚಿಕೆಗೆ ಬಚ್ಚಿಟ್ಟಿದ್ದಾರೆ ಎಂದು ಕುಳ್ಳಯ್ಯ ತೀರ್ಮಾನಿಸಿದ. ಅದನ್ನು ಅವನು ಯಾರಿಗೂ ಹೇಳಲಿಲ್ಲ, ಜಗಲಿಗೆ ಬಂದು ಕೂತವರನ್ನು ಬಿಟ್ಟು.

ಮಂಗಳವಾರ ಬೆಳಿಗ್ಗೆ ಡೇರಿಯಲ್ಲಿ ಹೆಂಗಸರು ಚಿಕ್ಕಸ್ವಾಮಿಯ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡರು. ನೀರು ಬೆರೆಸಿ ಸಿಕ್ಕಿಬೀಳುವ ಮುನ್ನ ಹೀಗೆಯೇ ಮಾಡುತ್ತಾರೆಂದು ಅವನು ಎಲ್ಲರ ಹಾಲನ್ನೂ ಎರಡೆರಡು ಸಲ ಟೆಸ್ಟ್ ಮಾಡಿದ. ಪುಟ್ಟತಾಯಮ್ಮ ಎಂಬಾಕೆ ಮಾತ್ರ ಹತ್ತಿರ ಬಂದು, ಶುಂಠಿ, ಬೆಳ್ಳುಳ್ಳಿ, ಬೆಲ್ಲದ ಗಂಟೊಂದನ್ನು ಕೈಗಿಟ್ಟು, ಚೆಲುವಕ್ಕನಿಗೆ ಕೊಡಿ, ಮೈ ಗಟ್ಟಿಯಾಗಲಿ ಎಂದಳು. ಹೆಂಡತಿಯ ನೆಗಡಿ ಇವಳಿಗೆ ಹೇಗೆ ಗೊತ್ತಾಯಿತು ಎಂದುಕೊಂಡರೂ ಅವನಿಗೆ ಸಂತೋಷವೇ ಆಯಿತು. “ಊ ಕಣವ್ವ, ಬಲೇ ಸುಸ್ತಾಗವ್ಳೆ ಪಾಪ,” ಎಂದ. ಡೇರಿಯಲ್ಲಿ ಅದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೂ ಬೇಕಾಗಿರಲಿಲ್ಲ.

ಹತ್ತು ಗಂಟೆಗೆ ಆಶಾ ಕಾರ್ಯಕರ್ತೆ ರಂಜಿತ ರಿಜಿಸ್ಟರ್ ಹಿಡಿದು ಬಂದಳು. ಅವಳಿಗೆ ಬಂದಿದ್ದ ಸಿಟ್ಟು ನ್ಯಾಯವಾದದ್ದು. ಊರಿನ ಬಸುರಿಯರೆಲ್ಲ ಅವಳ ಲೆಕ್ಕದಲ್ಲಿರಬೇಕು, ಪ್ರತಿಯೊಬ್ಬಳಿಗೂ ತಾಯಿ ಕಾರ್ಡ್ ಆಗಿರಬೇಕು. ಒಂಬತ್ತು ತಿಂಗಳು ಅವಳ ಕಣ್ಣು ತಪ್ಪಿಸಿ ಒಂದು ಹೆರಿಗೆ ನಡೆದುಹೋದರೆ ಮೇಲಿನವರು ಅವಳನ್ನು ಕೇಳುವುದಿಲ್ಲವೇ? ಕೊಟ್ಟಿಗೆಯಲ್ಲಿ ಇರಿಸಿದ್ದೀರಂತೆ, ಇಂಥ ಕಾಲದಲ್ಲೂ ಹೀಗೆ ಮಾಡುತ್ತಾರೆಯೇ, ಒಂದು ಸಲ ನೋಡಿಕೊಂಡು ಹೋಗುತ್ತೇನೆ ಎಂದಳು. ಚಿಕ್ಕಸ್ವಾಮಿ ಕಂಬಳಿಗೆ ಬೆನ್ನು ಕೊಟ್ಟು ನಿಂತ. ನೋಡಿಕೊಂಡು ಹೋಗುವವರ ಕಥೆಯೆಲ್ಲ ಅವನಿಗೆ ಗೊತ್ತು. ನೋಡುವುದು ಎಂದರೆ ಬೆರಳಿಡುವುದು. ಇದು ತನ್ನ ಮನೆಯ ವಿಷಯ, ಸರ್ಕಾರಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದ. ರಂಜಿತ ಮಾಹಿತಿ ಕೊಡಲು ನಿರಾಕರಿಸಿದರು ಎಂದು ಅವನ ಎದುರಿಗೇ ಬರೆದುಕೊಂಡು ಹೋದಳು.

ಅದೇ ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕು ದಿನ ಕಾಪಾಡಿದ ಕಾವು ಇಳಿದುಹೋಗುತ್ತದಲ್ಲ ಎಂದು ಚಿಕ್ಕಸ್ವಾಮಿ ಪೇಚಾಡಿ, ಟ್ರಾಕ್ಟರಿನ ಹಳೆಯ ಹೆಡ್‌ಲೈಟುಗಳೆರಡನ್ನು ತಂದು ಕಾರಿನ ಬ್ಯಾಟರಿಗೆ ಕಟ್ಟಿ, ಕಾರಿನದೇ ಶಕ್ತಿಯಿಂದ ಕಾರಿಗೇ ಶಾಖ ಕೊಟ್ಟ. ಇಂಥ ಉಪಾಯ ಪ್ರಸಾದನ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ ಎಂದು ತನ್ನನ್ನು ತಾನೇ ಮೆಚ್ಚಿಕೊಂಡ. ಅವನು ಸಂಜೆ ಡೇರಿಯಿಂದ ಬರುವವರೆಗೂ ಆ ದೀಪಗಳು ಉರಿದವು.

ಸಂಜೆ ಚಿಕ್ಕಬೋರಮ್ಮ ಬಂದಳು. ಚಿಕ್ಕಸ್ವಾಮಿಯ ದಾಯಾದಿಗಳದು ಊರಿನಲ್ಲಿ ಹನ್ನೊಂದು ಮನೆ. ಅಷ್ಟಕ್ಕೂ ಈ ಮುದುಕಿಯೇ ದೊಡ್ಡವ್ವ, ಆಚಾರದಲ್ಲಿ ಅವಳ ಮಾತೇ ಕಡೆ. ಒಂದು ಮನೆಯಲ್ಲಿ ಮಗು ಹುಟ್ಟಿದರೆ ಹನ್ನೊಂದು ಮನೆಗೂ ಪುರುಡು. ಹನ್ನೊಂದು ದಿನ ದೇವರಿಗೆ ದೀಪವಿಲ್ಲ, ಹಬ್ಬವಿಲ್ಲ. ನಾಡಿದ್ದು ಗುರುವಾರವೇ ಸಂಕ್ರಾಂತಿ. ಎಳ್ಳು ಬೆಲ್ಲ ಬೆರೆಸಿಟ್ಟಾಗಿದೆ, ಕಿಚ್ಚು ಹಾಯಿಸಲು ಎತ್ತುಗಳ ಕೊಂಬಿಗೆ ಬಣ್ಣ ತಂದಾಗಿದೆ. ಇವನು ಬಾಯಿ ಮುಚ್ಚಿಕೊಂಡು ಕೂತು ಹನ್ನೊಂದು ಮನೆಯವರಿಂದಲೂ ಮೈಲಿಗೆಯಲ್ಲೇ ದೀಪ ಹಚ್ಚಿಸುತ್ತಿದ್ದಾನೆ. ಅವಳು ಮೆಟ್ಟಿಲನ್ನೂ ಹತ್ತದೆ ಬೀದಿಯಲ್ಲೇ ನಿಂತು ಕೇಳಿದಳು:

“ಬಚ್ಚಿಟ್ಟಿದ್ದು ಸಾಕು. ಯಾವತ್ತಾಯ್ತು ಅದ್ನ ಹೇಳು.”

ಬಣ್ಣದ ಗುಟ್ಟು ಬಯಲಾಯಿತೆಂದೇ ಚಿಕ್ಕಸ್ವಾಮಿ ತಿಳಿದ. ಶನಿವಾರ ಎಂದು ಒಪ್ಪಿಕೊಂಡ. ಮುದುಕಿ ಬೆರಳು ಮಡಿಸಿ ದಿನ ಎಣಿಸಿ, ಅವನ ಕಡೆಗೆ ಒಂದು ನೋಟ ಬಿಸಾಡಿ, ಕೋಲೂರಿಕೊಂಡು ಹೊರಟುಹೋದಳು. ಕಾರಿಗೆ ಬಣ್ಣ ಹೊಡೆಸಿದ ವಾರ ಕಟ್ಟಿಕೊಂಡು ಇವಳಿಗೇನಾಗಬೇಕು ಎಂದು ಅವನಿಗೆ ತಿಳಿಯಲಿಲ್ಲ. ಆಣೆ ಮುರಿದವಳು ಅವ್ವನೇ ಎಂದು ಒಳಗೆ ಹೋಗಿ ಜಗಳ ತೆಗೆದ.

ಹನ್ನೊಂದು ಮನೆಗಳಲ್ಲೊಂದರ ಮಗಳನ್ನು ಕೆ.ಆರ್. ಪೇಟೆಗೆ ಕೊಟ್ಟಿತ್ತು. ಪುರುಡು ಬಂದಿದೆ, ಹಬ್ಬಕ್ಕೆ ಬರಬೇಡ ಎಂದು ಅವಳಿಗೆ ಫೋನು ಹೋಯಿತು. ಅವಳ ಬಾಯಿಂದ ಸುದ್ದಿ ಎರಡು ಬೀದಿ ದಾಟಿ ಬೀಗರ ಅಂಗಡಿಗೆ ಬಂತು. ಚಿಕ್ಕಸ್ವಾಮಿ ಇನ್ನೂ ಅವ್ವನ ಜೊತೆ ಜಗಳವಾಡುತ್ತಿರುವಾಗಲೇ ಅವನ ಫೋನು ಹೊಡೆದುಕೊಂಡಿತು.

“ಬೀಗ್ರೇ, ವಿಷ್ಯ ನಿಜವಾ?” ಎಂದರು ನಿಂಗರಾಜು.

ಚಿಕ್ಕಸ್ವಾಮಿಗೆ ಎರಡು ತಿಂಗಳು ಕಾದಿದ್ದ ಸೋಮವಾರ ಮಣ್ಣುಪಾಲಾಯಿತು ಎನಿಸಿತು. ಆದರೂ ಗತ್ತು ಬಿಡದೆ, ನಿಜ, ಆಮೇಲೆ ತೋರಿಸೋಣ ಅಂತಿದ್ದೆ ಎಂದ. ಆ ಕಡೆಯಿಂದ ಬೀಗರು ದನಿ ತಗ್ಗಿಸಿ ಕೇಳಿದರು:

“ಇಷ್ಟು ವಯಸ್ಸಾದ್ಮೇಲೆ ಬೇಕಾಗಿತ್ತಾ ಬೀಗ್ರೇ ಇದು?”

“ವಯಸ್ಸಾದ್ರೇನಂತೆ? ಒಳ್ಗೆಲ್ಲ ಗಟ್ಟಿಯಾಗೇ ಅದೆ. ಇನ್ನೂ ಹತ್ತು ವರ್ಷ ಏನೂ ಯೋಚ್ನೆ ಇಲ್ಲ.”

ಬೀಗರಿಗೆ ಈ ಮಾತಿನ ಮೇಲೆ ತಡೆಯಲಾಗಲಿಲ್ಲ. ನಿಮ್ಮ ಮನೆಯೇ ಇಂಥ ಸ್ಥಿತಿಯಲ್ಲಿರುವಾಗ ಹೇಮಶ್ರೀಯನ್ನು ಕಳಿಸಲು ಸಾಧ್ಯವಿಲ್ಲ, ಅವಳ ಹೆರಿಗೆಯೂ ಬಾಣಂತನವೂ ಇಲ್ಲೇ ಆಗುತ್ತದೆ, ನೀವು ಸೋಮವಾರ ಬರುವುದು ಬೇಡ ಎಂದು ಹೇಳಿ ಫೋನಿಟ್ಟರು.

ಚಿಕ್ಕಸ್ವಾಮಿ ಕೊಟ್ಟಿಗೆಗೆ ಹೋಗಿ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವನ ಮಟ್ಟಿಗೆ ಇದು ಹೊಟ್ಟೆಕಿಚ್ಚು, ಬೇರೇನಲ್ಲ. ಗಜ್ಜಿಯ ಕಾರು ಇರುವವರೆಗೆ ಹೀಯಾಳಿಸಿದರು, ಬಣ್ಣ ಬಂತೆಂದು ಕೇಳಿದ ಕೂಡಲೇ ಮಗಳನ್ನೇ ಕಳಿಸುವುದಿಲ್ಲ ಎನ್ನುತ್ತಾರೆ. ಇದ್ದವಳು ಒಬ್ಬಳೇ ಮಗಳು. ಅವಳ ಚೊಚ್ಚಲ ಬಾಣಂತನ ತನ್ನ ಮನೆಯಲ್ಲಿ ಆಗುವುದಿಲ್ಲ ಎಂದರೆ ಅಪ್ಪ ಅನ್ನಿಸಿಕೊಂಡು ಏನು ಪ್ರಯೋಜನ ಎಂದು ಅವನಿಗೆ ಅಳುವೇ ಬಂತು. ಅಳುವಾಗಲೂ ಕಣ್ಣೀರು ಬಂಪರಿನ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡ.

ಬುಧವಾರ ಹತ್ತೂವರೆಗೆ ಅವನ ಮನೆಯ ಮುಂದೆ ಜಾತ್ರೆ ಸೇರಿತು. ಚಿಕ್ಕಬೋರಮ್ಮ ಹನ್ನೊಂದು ಮನೆಯ ಗಂಡಸರನ್ನು ಹಿಂದಿಟ್ಟುಕೊಂಡು, ಹಬ್ಬ ನಿಲ್ಲಿಸಿದ್ದಕ್ಕೆ ನ್ಯಾಯ ಕೇಳಲು ಬಂದಿದ್ದಳು. ರಂಜಿತ ರಿಜಿಸ್ಟರ್ ಸಮೇತ ಮತ್ತೆ ಬಂದಿದ್ದಳು. ಕುಳ್ಳಯ್ಯ ಜಗಲಿಯಿಂದ ಇಳಿದೇ ಬಂದಿದ್ದ. ಅಷ್ಟರಲ್ಲಿ ಬೀಗರ ದೊಡ್ಡ ಕಾರು ಬೀದಿಗೆ ನುಗ್ಗಿತು. ಅವ್ವನನ್ನು ನೋಡಲೇಬೇಕು ಎಂದು ಹೇಮಶ್ರೀ ಬೆಳಗಿನಿಂದ ಅನ್ನ ಬಿಟ್ಟು ಅತ್ತಿದ್ದಳಂತೆ. ಅಳಿಯ ಕಿಶನ್ ಪಾಂಡವಪುರಕ್ಕೆ ಕೆಲಸಕ್ಕೆ ಹೋಗಿದ್ದರಿಂದ ನಿಂಗರಾಜು ಅವರೇ ಕಾರು ಓಡಿಸಿಕೊಂಡು ಬಂದಿದ್ದರು. ಸಿಟ್ಟಿನಲ್ಲಿ ತಿರುವು ಬಿಗಿಯಾಗಿ ತೆಗೆದುಕೊಂಡು, ಮುಂದಿನ ಚಕ್ರವನ್ನು ನೇರವಾಗಿ ಚರಂಡಿಗೆ ಇಳಿಸಿದರು.

ತುಂಬಿದ ಹೊಟ್ಟೆ ಹಿಡಿದುಕೊಂಡು ಹೇಮಶ್ರೀ ಒಳಗೆ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಮಾತಾಡಲು ಗಂಟಲಿಲ್ಲದೆ ನಿಂತ ತಾಯಿಯನ್ನು ನೋಡಿ ಅವಳ ದುಃಖ ಕೋಪಕ್ಕೆ ತಿರುಗಿತು.

“ನನ್ಗೂ ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅವ್ವ? ಎಲ್ಲಿ, ಮಗು ಎಲ್ಲಿ?”

ಚೆಲುವಮ್ಮ ಗಂಡನ ಮುಖ ನೋಡಿದಳು. ಚಿಕ್ಕಸ್ವಾಮಿ ಎಲ್ಲರ ಮುಖ ನೋಡಿದ. ಹಾಲಿನಲ್ಲಿ ಒಂದು ಹನಿ ನೀರಿದ್ದರೂ ಹಿಡಿಯುವ ಮನುಷ್ಯನಿಗೆ ನಾಲ್ಕು ದಿನ ತನ್ನ ಸುತ್ತ ನಡೆದದ್ದು ಆ ಕ್ಷಣಕ್ಕೆ ತಿಳಿಯಿತು. ಪುಟ್ಟತಾಯಮ್ಮನ ಶುಂಠಿ, ಚಿಕ್ಕಬೋರಮ್ಮನ ಬೆರಳೆಣಿಕೆ, ಬೀಗರ ಫೋನು ಎಲ್ಲ ಒಟ್ಟಿಗೆ ಬಂದು ಅವನ ಮುಖಕ್ಕೆ ರಾಚಿದವು. ಅವನಿಗೆ ನಾಚಿಕೆಯಾಗಬೇಕಿತ್ತು, ಆದದ್ದು ಕೆಟ್ಟ ಕೋಪ. ನೇರವಾಗಿ ಕೊಟ್ಟಿಗೆಗೆ ಹೋಗಿ ಎರಡು ಕಂಬಳಿಯನ್ನೂ ಬೇವಿನ ಸೊಪ್ಪಿನ ಸಮೇತ ಕಿತ್ತು ಬಿಸಾಡಿದ.

ಎಂಟು ಬಲ್ಬಿನ ಕೆಂಪು ಬೆಳಕಿನಲ್ಲಿ ಕಾರು ನಿಂತಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೊದಲು ಚೇತರಿಸಿಕೊಂಡವನು ಕುಳ್ಳಯ್ಯ. ಅವನು ಎರಡು ಹೆಜ್ಜೆ ಮುಂದೆ ಬಂದು, ಬಲಗೈಯ ಹೆಬ್ಬೆರಳು ಚಾಚಿ, “ಒಣಗ್ಯದಾ?” ಎಂದ.

“ಮುಟ್ಬೇಡಿ,” ಎಂದು ಚಿಕ್ಕಸ್ವಾಮಿ ಕೂಗಿದ ಕೂಗಿಗೆ ಹಿತ್ತಲಿನ ಹಸುಗಳು ಎದ್ದು ನಿಂತವು. “ಒಬ್ರೂ ಮುಟ್ಬೇಡಿ. ಎಂಡ್ತಿ ಮೇಲೆ ಇಲ್ದಿದ್ದು ಹೇಳುದ್ರಿ, ನನ್ ವಯಸ್ ಆಡ್ಕಂಡ್ರಿ, ಆಗ್ಲಿ. ಇದ್ರ ಮೇಲೆ ಬೆರಳಿಟ್ರೆ ಮಾತ್ರ ಮುರುದ್ಬುಡ್ತೀನಿ.”

ಚಾಚಿದ್ದ ಕೈಗಳೆಲ್ಲ ಬೆನ್ನ ಹಿಂದೆ ಹೋದವು. ನಿಂಗರಾಜು ಕೂಡ ತಮ್ಮ ಕೈ ಹಿಂದೆ ಕಟ್ಟಿಕೊಂಡರು. ನಾಲ್ಕು ದಿನ ಮುಂಚೆಯೇ ಕಾರು ಎಂದು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಚಿಕ್ಕಬೋರಮ್ಮ ಶುರುಮಾಡಿದಳು. ಹಚ್ಚದೆ ಬಿಟ್ಟ ದೀಪಕ್ಕೆ ಯಾರು ಜವಾಬ್ದಾರಿ ಎಂದು ದಾಯಾದಿಗಳು ಕೇಳಿದರು. ರಿಜಿಸ್ಟರಿನಲ್ಲಿ ಬರೆದದ್ದನ್ನು ಹೊಡೆದು ಹಾಕುವ ಹಾಗಿಲ್ಲ ಎಂದು ರಂಜಿತ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಗೋಡೆ ಹಿಡಿದು ನಿಂತಿದ್ದ ಹೇಮಶ್ರೀಯ ಕಾಲಡಿ ನೆಲ ಒದ್ದೆಯಾಗಿತ್ತು. ಅದು ಚಿಕ್ಕಸ್ವಾಮಿ ಚೆಲ್ಲಿದ ಬಿಸಿನೀರಲ್ಲ.

ರಂಜಿತ ರಿಜಿಸ್ಟರನ್ನು ಕುಳ್ಳಯ್ಯನ ಕೈಗೆ ತುರುಕಿ ಹೇಮಶ್ರೀಯನ್ನು ಹಿಡಿದುಕೊಂಡಳು. ಎರಡು ವಾರ ಮುಂಚೆಯೇ ಹೆರಿಗೆ ಬಂದಿದೆ, ನಾಗಮಂಗಲದ ಆಸ್ಪತ್ರೆಗೆ ಈಗಲೇ ಹೊರಡಬೇಕು ಎಂದಳು. ಫೋನು ಮಾಡಿ ಕೇಳಿದರೆ ಆಂಬುಲೆನ್ಸು ಬೇರೊಂದು ಕರೆಗೆ ಹೋಗಿತ್ತು, ಬರಲು ಮುಕ್ಕಾಲು ಗಂಟೆ. ಬೀಗರ ದೊಡ್ಡ ಕಾರು ಚರಂಡಿಯಲ್ಲಿ ಒಂದು ಕಾಲು ಇಳಿಬಿಟ್ಟು ಕೂತಿತ್ತು. ಎಲ್ಲರ ಕಣ್ಣೂ ಕೊಟ್ಟಿಗೆಯ ಕಡೆ ತಿರುಗಿದವು.

ಚಿಕ್ಕಸ್ವಾಮಿ ಬಲ್ಬುಗಳನ್ನು ಪಕ್ಕಕ್ಕೆ ಎಳೆದು, ಮಗಳನ್ನು ಹಿಂದಿನ ಸೀಟಿನಲ್ಲಿ ರಂಜಿತ ಮತ್ತು ಚೆಲುವಮ್ಮನ ನಡುವೆ ಕೂರಿಸಿ, ತಾನು ಮುಂದೆ ಹತ್ತಿ ಕೀಲಿ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಮತ್ತೆ ಟಕ್. ಬ್ಯಾಟರಿಯ ಶಕ್ತಿಯೆಲ್ಲ ಮಂಗಳವಾರವೇ ಟ್ರಾಕ್ಟರಿನ ದೀಪಗಳ ಮೂಲಕ ಕಾರಿನ ಮೈ ಬೆಚ್ಚಗೆ ಮಾಡಿ ಮುಗಿದುಹೋಗಿತ್ತು. ಹಿಂದಿನ ಸೀಟಿನಿಂದ ಹೇಮಶ್ರೀ “ಅಪ್ಪಾ” ಎಂದು ನರಳಿದಳು.

ಅವನು ತಿರುಗಿ ನೋಡಿದ. ಕಾರಿನ ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಆಜ್ಞೆ ಮೀರದ ಒಳ್ಳೆಯವರ ಹಾಗೆ ಎಲ್ಲರೂ ಕೈ ಹಿಂದೆ ಕಟ್ಟಿಕೊಂಡಿದ್ದರು.

“ಏನ್ ನೋಡ್ತಾ ನಿಂತಿದ್ದೀರ್ಲಾ?” ಎಂದ ಚಿಕ್ಕಸ್ವಾಮಿ. “ಮುಟ್ರಲಾ. ಕೈಯಿಟ್ಟು ತಳ್ರಲಾ. ಬೀಗ್ರೇ, ನೀವೂ ಮುಟ್ಟಿ.”

ಮುಟ್ಟಿದರು. ದಾಯಾದಿಗಳು ಮುಟ್ಟಿದರು, ಚಿಕ್ಕಬೋರಮ್ಮ ಕೋಲು ಬಿಸಾಡಿ ಮುಟ್ಟಿದಳು, ನಿಂಗರಾಜು ಎರಡೂ ಅಂಗೈ ಊರಿ ಮುಟ್ಟಿದರು. ಆಗಿನಿಂದ ಕಾದಿದ್ದ ಕುಳ್ಳಯ್ಯ ರಿಜಿಸ್ಟರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೆಬ್ಬೆರಳಿನ ಜೊತೆ ಇಡೀ ಕೈಯನ್ನೇ ಒತ್ತಿದ. ಕಾಯಿಸಿದ ಹಾಲಿನ ಕೆನೆಯ ಮೇಲೆ ಬೆರಳಿಟ್ಟ ಹಾಗೆ ಇಪ್ಪತ್ತು ಕೈಗಳೂ ಮೆತ್ತಗೆ ಒಳಕ್ಕೆ ಇಳಿದವು. ಕಾರು ಬೀದಿಗೆ ಬಂತು, ಚರಂಡಿಯ ಕಾರನ್ನು ಸವರಿಕೊಂಡು ದಾಟಿತು, ಡೇರಿಯ ಇಳಿಜಾರಿನಲ್ಲಿ ಒಮ್ಮೆ ಕೆಮ್ಮಿ ಸ್ಟಾರ್ಟ್ ಆಯಿತು. ಚಿಕ್ಕಸ್ವಾಮಿ ಹಿಂದೆ ನೋಡದೆ ನಾಗಮಂಗಲದ ದಾರಿ ಹಿಡಿದ. ಇದ್ದ ಧೂಳೆಲ್ಲ ಬಂದು ಕಾರಿಗೆ ಅಂಟಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಹನ್ನೆರಡೂ ಕಾಲು ಗಂಟೆಗೆ ಹೇಮಶ್ರೀಗೆ ಹೆಣ್ಣುಮಗು ಹುಟ್ಟಿತು.

ಹನ್ನೊಂದು ದಿನದ ಪುರುಡು ಹುಟ್ಟಿದ ಮಗುವಿನ ಅಪ್ಪನ ಕಡೆಯವರಿಗೆ ಸೇರಿದ್ದು ಎಂದು ಚಿಕ್ಕಬೋರಮ್ಮ ಅಂದೇ ತೀರ್ಪು ಕೊಟ್ಟಳು. ಹಾಗಾಗಿ ದೇವಲಾಪುರದ ದಾಯಾದಿ ಮನೆಗಳಲ್ಲಿ ಗುರುವಾರ ಎಳ್ಳು ಬೆಲ್ಲ ಹಂಚಿ, ಎತ್ತುಗಳನ್ನು ಕಿಚ್ಚು ಹಾಯಿಸಿದರು. ಹಬ್ಬ ನಿಂತದ್ದು ಕೆ.ಆರ್. ಪೇಟೆಯಲ್ಲಿ. ಸೋಮವಾರ ಚಿಕ್ಕಸ್ವಾಮಿ ಹೇಳಿದ ಮಾತಿನಂತೆಯೇ ಮಗಳನ್ನು ಆಸ್ಪತ್ರೆಯಿಂದ ತನ್ನ ಕಾರಿನಲ್ಲಿ ಮನೆಗೆ ಕರೆತಂದ, ಜೊತೆಗೆ ಮೊಮ್ಮಗಳನ್ನೂ. ಅದೇ ಕಂಬಳಿ, ಅದೇ ಹಂಡೆ, ಅದೇ ಸಾಂಬ್ರಾಣಿ ಈ ಸಲ ಬರಬೇಕಾದವರಿಗೇ ಬಂದವು. ಒಂದು ಕೆಂಪು ಬಲ್ಬನ್ನೂ ಹಾಕಿದರು, ಮೂರಡಿ ದೂರದಲ್ಲಿ.

ಪ್ರಸಾದ ಬಂದು ಕಾರಿನ ಹಿಂಭಾಗ ನೋಡಿ ತಲೆಯ ಮೇಲೆ ಕೈ ಹೊತ್ತ. ಬಿಸಿ ಹತ್ತಿರವಾಗಿ, ಅವಸರವಾಗಿ ತಾಗಿದ್ದರಿಂದ ಮೇಲೆ ಪೊರೆ ಕಟ್ಟಿ ಒಳಗಿನ ಬಣ್ಣ ಹಸಿಯಾಗಿಯೇ ಉಳಿದಿತ್ತು ಎಂದು ವಿವರಿಸಿದ. ಬಲ್ಬು ಎಷ್ಟು ದೂರ ಇಟ್ಟಿದ್ದೆ ಎಂದು ಕೇಳಿದ. ಚಿಕ್ಕಸ್ವಾಮಿ ಥರ್ಮಾಮೀಟರನ್ನು ಜೇಬಿನೊಳಕ್ಕೆ ಒತ್ತಿಕೊಂಡ. ಬೇಸಿಗೆ ಬರಲಿ, ಈ ಕೈಗುರುತನ್ನೆಲ್ಲ ಉಜ್ಜಿ ತೆಗೆದು ಮತ್ತೆ ಹೊಡೆದುಕೊಡುತ್ತೇನೆ ಎಂದು ಪ್ರಸಾದ ಉಜ್ಜುವ ಕಾಗದ ಹಿಡಿದ ಕೈಯನ್ನು ಮುಂದೆ ಮಾಡಿದ.

“ಮುಟ್ಟುದ್ರೆ ನೋಡು,” ಎಂದ ಚಿಕ್ಕಸ್ವಾಮಿ.

ಅಂದಿನಿಂದ ಆ ಕಾರು ಹಾಗೆಯೇ ಇದೆ. ಬೆಳ್ಳೂರು ಕ್ರಾಸಿನಲ್ಲಿ ನಿಲ್ಲಿಸಿದರೆ ಜನ ಬಂದು ಇದೇನು ಹೊಸ ಡಿಸೈನೇ ಎಂದು ಕೇಳುತ್ತಾರೆ. ಅವನು ಅವರನ್ನು ಬೈಯುತ್ತಾನೆ. ಏಪ್ರಿಲ್ಲಿನ ಉರಿಬಿಸಿಲಿನಲ್ಲಿ ಮಗುವಿಗೆ ಕೀರ್ತನ ಎಂದು ಹೆಸರಿಟ್ಟ ದಿನ ನಿಂಗರಾಜು ಬಂದರು. ಊಟವಾದ ಮೇಲೆ ಕಾರಿನ ಹಿಂದೆ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ತಮ್ಮ ಎರಡೂ ಅಂಗೈಗಳನ್ನು ತಮ್ಮ ಗುರುತಿನೊಳಗೆ ಇಟ್ಟು ಸರಿಹೋಗುತ್ತದೆಯೇ ಎಂದು ನೋಡಿದರು. ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಚಿಕ್ಕಸ್ವಾಮಿ ಅದನ್ನು ಕಂಡ. ಹತ್ತಿರ ಬಂದು ಬೀಗರ ಪಕ್ಕದಲ್ಲಿ ನಿಂತ.

ಮಗು ಅವನ ತೋಳಿನಿಂದ ಬಗ್ಗಿ, ಮುಷ್ಟಿ ಬಿಚ್ಚಿ, ಕೆಂಪು ಬಣ್ಣದ ಮೇಲೆ ಒಂದು ಬೆರಳಿಟ್ಟಿತು. ಆಮೇಲೆ ತಾತನ ಮುಖ ನೋಡಿತು.

“ಒಣಗ್ಯದೆ ಕಣವ್ವ,” ಎಂದ ಚಿಕ್ಕಸ್ವಾಮಿ. “ಮುಟ್ಟು.”